ಬಾಲ ಕತ್ತರಿಸಿದವಳು

ಅರುಣಾ ಸತ್ತ ತಾಯಿಯ ಕಾಲ್ಬೆರಳುಗಳನ್ನು ಕೂಡಿಸಿ ದಾರ ಬಿಗಿಯುತ್ತಿದ್ದಾಗ ವಿಕಾಸನ ಕಾರು ಬ್ಯಾಡಗಿಯ ಆ ಇಕ್ಕಟ್ಟಿನ ಓಣಿಗೆ ನುಗ್ಗಿತು. ರಾಣೆಬೆನ್ನೂರಿನ ಔಷಧ ಪರೀಕ್ಷೆಯ ಲ್ಯಾಬಿನ ಮಾಲೀಕ. ಕೈಯಲ್ಲಿ ಆಳೆತ್ತರದ ಹಾರ. ಇಂಥವರಿಗೆ ಸತ್ತವರ ಮೇಲೆ ಪ್ರೀತಿ ಉಕ್ಕುತ್ತದೆ, ಸತ್ತವರು ಎದುರಾಡುವುದಿಲ್ಲವಲ್ಲ.

“ನಾಗರತ್ನಕ್ಕ ನನ್ನ ಬಲಗೈ ಇದ್ದಂಗ ಇದ್ರು,” ಎಂದು ಕಣ್ಣೊರೆಸಿಕೊಂಡ.

“ಆ ಕೈ ನೀವ ಕಡದು ಒಗದ್ರಲ್ರಿ,” ಎಂದಳು ಸತ್ತವಳ ಅಕ್ಕ ಪದ್ಮಾಬಾಯಿ.

*

ಅರುಣಾಳ ತಾಯಿ ನಾಗರತ್ನಾ ಹರೆಯದಿಂದಲೂ ಆ ಲ್ಯಾಬಿನಲ್ಲಿ ಒಂದೇ ಯಂತ್ರದ ಮುಂದೆ ಕೂತವಳು. ಔಷಧದೊಳಗಿನ ಪದಾರ್ಥಗಳನ್ನು ಬಿಡಿಸಿ ತೋರಿಸುವ ಯಂತ್ರ ಅದು. ಕ್ಷಾರಗುಣದ ಔಷಧ ಬಂದರೆ ಮುಗಿಯಿತು, ಕಾಲಮ್ಮು ಎಂಬ ಗೇಣುದ್ದದ ಕೊಳವೆಯೊಳಗೆ ತುಂಬಿದ ಸಿಲಿಕಾ ಪುಡಿಗೆ ಅಂಟಿ ಕೂರುತ್ತಿತ್ತು. ಪರದೆಯ ಮೇಲಿನ ಗೆರೆ ಮೊನಚಾಗಿ ಎದ್ದು ಇಳಿಯುವ ಬದಲು ಬಾಲ ಎಳೆಯುತ್ತಿತ್ತು, ಲೆಕ್ಕ ತಪ್ಪುತ್ತಿತ್ತು. ಆಮ್ಲ ಎಷ್ಟು, ಕೊಳೆತ ಮೀನಿನ ನಾತದ ಅಮೈನ್ ಎಂಬ ಕ್ಷಾರ ಎಷ್ಟು ಎಂದು ಹದ ಹುಡುಕಿ ಅವಳು ಆ ಬಾಲ ಕತ್ತರಿಸಿದಳು. ವಿಕಾಸ ಹುಬ್ಬಳ್ಳಿಯ ಸಮ್ಮೇಳನದಲ್ಲಿ ಆ ಹದ ತನ್ನದೆಂದು ಹೇಳಿ ಶಾಲು ಹೊದಿಸಿಕೊಂಡ. ಅವಳು ಕೇಳಿದ್ದಕ್ಕೆ, “ನಿಮ್ಮ ಬಾಲಾ ಬಿಚ್ಚಬ್ಯಾಡ್ರಿ,” ಎಂದು ಕೆಲಸದಿಂದಲೇ ತೆಗೆದ.

ಪರೀಕ್ಷೆಗೆ ಹೊಸ ಔಷಧ ಬಂತು, ಬಾಲ ಮತ್ತೆ ಬೆಳೆಯಿತು. ನಾಚಿಕೆಗೆಟ್ಟವನು ಹಾವೇರಿಯ ಆಸ್ಪತ್ರೆಯಲ್ಲಿ ಮಲಗಿದ್ದವಳಿಗೇ ಫೋನು ಮಾಡಿದ.

“ಆಮ್ಲ ಬಿಡ್ರಿ ಸಾಹೇಬ್ರ, ಕ್ಷಾರ ಏರಿಸ್ರಿ. ಗೆರಿ ಸೂಜಿಗತೆ ಏಳತೈತಿ,” ಎಂದಳು.

ಫೋನಿಟ್ಟು ಕೆಮ್ಮು ಬರುವವರೆಗೆ ನಕ್ಕಳು. “ಏಳೂದು ಖರೇನ ಅರುಣಾ. ಆದ್ರ ಅಷ್ಟು ಕ್ಷಾರಕ್ಕ ಆ ಸಿಲಿಕಾ ಕರಗತೈತಿ. ಸ್ವಲ್ಪ ದಿನ ಮೆರೀತಾನ, ಆಮ್ಯಾಲ ಕಾಲಮ್ಮು ಒಳಗಿಂದೊಳಗ ಟೊಳ್ಳ.”

ಅರುಣಾಳೂ ನಕ್ಕಳು. ಅವಳು ಇದನ್ನು ಹೇಳಿದ್ದು ದೊಡ್ಡಮ್ಮ ಪದ್ಮಾಬಾಯಿಯೊಬ್ಬಳಿಗೇ.

*

ವಿಕಾಸ ಅರುಣಾಳ ಪಕ್ಕಕ್ಕೆ ಬಂದ. “ಅಕ್ಕ ಹೇಳಿದಂಗ ಮಾಡೇನಿ, ಗೆರಿ ಭಾಳ ಚಂದ ಬರಾಕತ್ತೇತಿ. ನಾಳೆ ದೊಡ್ಡ ಕಂಪನಿಯವ್ರು ನೋಡಾಕ ಬರ್ತಾರ. ಇದ್ದ ಕಾಲಮ್ಮೆಲ್ಲಾ ಅದಕ್ಕ ಹಚ್ಚೇನಿ.” ದನಿ ತಗ್ಗಿಸಿದ. “ಅವ್ರು ಮತ್ತೇನರ ಹೇಳ್ಯಾರೇನವಾ?”

ಆತ ಹಾರ ಹಾಕಲು ಬಾಗಿದಾಗ ಪದ್ಮಾಬಾಯಿ ಅರುಣಾಳ ಕಿವಿಯಲ್ಲಿ, “ಹೆಣದ ಮುಂದ ಹಗಿ ಬ್ಯಾಡವಾ. ಖರೇ ಹೇಳಿಬಿಡು,” ಎಂದಳು.

ಒಂದೇ ಮಾತು ಸಾಕಿತ್ತು. ಅವನ ಲ್ಯಾಬು ಉಳಿಯುತ್ತಿತ್ತು. ಅರುಣಾ ತಾಯಿಯ ಮೂಗಿನಲ್ಲಿಟ್ಟ ಹತ್ತಿಯನ್ನು ನೋಡಿದಳು. ಆಯುಷ್ಯವಿಡೀ ಮೀನಿನ ನಾತ ಕುಡಿದ ಮೂಗು ಅದು; ಶಾಲು ಬಿದ್ದದ್ದು ಇವನ ಹೆಗಲಿಗೆ.

“ಹೇಳ್ಯಾಳ್ರಿ,” ಎಂದಳು. “ಕ್ಷಾರ ಇನ್ನೊಂದು ಚೂರು ಏರಿಸ್ರಿ ಅಂದಾಳ.”

ಪದ್ಮಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಿಕಾಸ ಅಲ್ಲೇ ನಿಂತು ಲ್ಯಾಬಿಗೆ ಫೋನು ಹಚ್ಚಿ, “ಏರಿಸ್ರಿ, ಈಗಿಂದೀಗ,” ಎಂದ. ಆಮೇಲೆ ಬೂಟು ಕಳಚಿಟ್ಟು, ಚಟ್ಟದ ಮುಂದಿನ ಬಿದಿರಿಗೆ ಹೆಗಲು ಕೊಟ್ಟು, ಎಲ್ಲರಿಗಿಂತ ಮುಂದೆ ಬರಿಗಾಲಲ್ಲಿ ನಡೆದ.