ಎದೆ ಮುಟ್ಟಿ ಹೇಳಿದ ಮಾತು

ರಸ್ತೆ ದಾಟುವಾಗ ಸೈಕಲ್ ಬಡಿದು ಬಿದ್ದ ಪರದೇಶದವನನ್ನು ಆಸ್ಪತ್ರೆಗೆ ತಂದಾಗ ಮಧ್ಯಾಹ್ನ ಹನ್ನೆರಡು. ಎಚ್ಚರವಾದಾಗ ಮೂರು ದಾಟಿತ್ತು. ಅವನ ಜೇಬಿನಲ್ಲಿ ಕರವಸ್ತ್ರವೊಂದು ಬಿಟ್ಟರೆ ಏನೂ ಇರಲಿಲ್ಲ. ಕಣ್ಣು ಬಿಟ್ಟವನೇ ಎದ್ದು ಕೂರಲು ನೋಡಿದ, ಎದೆ ಮುಟ್ಟಿಕೊಂಡು, “ಮಾಯೆಸ್ತ್ರೊ! ಮಾಯೆಸ್ತ್ರೊ!” ಎಂದ.

“ಎದೆನೋವು ಅಂತಿದಾರೆ ಡಾಕ್ಟ್ರೇ,” ಎಂದಳು ಹಿರಿಯ ನರ್ಸ್.

ಇಸಿಜಿ ಮಾಡಿದರು. ಎಲ್ಲ ಸರಿಯಾಗಿಯೇ ಇತ್ತು. ಆತ ಮತ್ತೆ ಎದೆ ತಟ್ಟಿಕೊಂಡ, ಕಿಟಕಿಯತ್ತ ಕೈ ಮಾಡಿದ, ಕೊನೆಗೆ ಅತ್ತೇಬಿಟ್ಟ. ಡಾಕ್ಟರು ನಿದ್ದೆಯ ಇಂಜೆಕ್ಷನ್ ಕೊಡೋಣ ಎಂದರು.

ನರ್ಸ್‌ಗೆ ಮನಸ್ಸು ಒಪ್ಪಲಿಲ್ಲ. ಅವಳ ಗಂಡ ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಳೆಯ ಕಡತ ನೋಡಿಕೊಳ್ಳುವ ಗುಮಾಸ್ತ. ಲೋಕದವರೆಲ್ಲ ಮಾತಾಡಿಕೊಳ್ಳಲಿ ಎಂದು ಯಾರೋ ಕೂತು ಕಟ್ಟಿದ ಎಸ್ಪೆರಾಂಟೊ ಎಂಬ ಭಾಷೆಯನ್ನು ಅಂಚೆಪಾಠದಲ್ಲಿ ಕಲಿತಿದ್ದ. ಹದಿನೆಂಟು ವರ್ಷಗಳಲ್ಲಿ ಅವನಿಗೆ ಆ ಭಾಷೆಯಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಸಿಕ್ಕಿರಲಿಲ್ಲ.

“ಐದು ನಿಮಿಷ ತಡೀರಿ,” ಎಂದವಳೇ ಅವಳು ಮೆಟ್ಟಿಲಿಳಿದು ಓಡಿದಳು.

“ರೀ, ಮಾಯೆಸ್ತ್ರೊ ಅಂದ್ರೆ ಯಾವ ಕಾಯಿಲೆ?”

“ಕಾಯಿಲೆ ಅಲ್ಲ ಕಣೇ! ಎಸ್ಪೆರಾಂಟೊದಲ್ಲಿ ಮಾಯ್‌ಸ್ತ್ರೊ ಅಂದ್ರೆ ಪಳಗಿದ ಗುರು. ಲ್ಯಾಟಿನ್ ಹೊಟ್ಟೇಲಿ ಹುಟ್ಟಿದ ಅಕ್ಕತಂಗಿ ಭಾಷೆಗಳಲ್ಲೂ ಅದೇ ಪದ ಇದೆ, ಶಾಲೆಲಿ ಪಾಠ ಹೇಳೋರಿಗೂ ಅಂತಾರೆ. ನಮ್ಮ ಮೇಷ್ಟ್ರು ಅನ್ನೋದಕ್ಕೆ ದಾಯಾದಿ ಅಂದ್ಕೋ.”

“ಅಯ್ಯೋ! ನಾನು ಮೇಷ್ಟ್ರು ಅಂತ ಹೇಳ್ತಿದಾರೆ! ಹಾಗಾದ್ರೆ ಮಕ್ಕಳೆಲ್ಲಿ?”

ಇಬ್ಬರೂ ಮೇಲಕ್ಕೆ ಓಡಿದರು. ಪುಸ್ತಕದಿಂದಾಚೆ ಆ ಭಾಷೆ ನಡೆಯುತ್ತದೋ ಇಲ್ಲವೋ ಗುಮಾಸ್ತನಿಗೇ ಗೊತ್ತಿರಲಿಲ್ಲ. ಮಂಚದ ಬಳಿ ಬಗ್ಗಿ, “ಇನ್ಫಾನೊಯ್?” ಎಂದ, ಮಕ್ಕಳು ಎನ್ನುವ ಅರ್ಥದಲ್ಲಿ.

ಆತ ಗುಮಾಸ್ತನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಸೀ! ಸೀ!” ಎಂದು ಹೌದೆನ್ನುವಂತೆ ತಲೆಯಾಡಿಸಿದ. ಹತ್ತು ಬೆರಳು ತೋರಿಸಿದ, ಮತ್ತೊಂದು ತೋರಿಸಿದ. “ಸ್ತಾತ್ಸಿಯೋನೆ!”

“ಸ್ಟೇಷನ್ನು! ಹನ್ನೊಂದು ಮಕ್ಕಳು ಸ್ಟೇಷನ್‌ನಲ್ಲಿದಾರೆ!” ಎಂದು ಗುಮಾಸ್ತ ಕೂಗಿದ.

ನರ್ಸ್ ರೈಲ್ವೆ ಸ್ಟೇಷನ್‌ಗೆ ಫೋನ್ ಮಾಡಿ ಮೇಷ್ಟ್ರ ವಿಷಯ ಹೇಳಿದಳು. “ಅಬ್ಬ, ಸಿಕ್ಕಿದ್ರಾ!” ಎಂದರು ಸ್ಟೇಷನ್ ಮಾಸ್ತರು. “ಹನ್ನೊಂದು ಜನಾನೂ ಬೆಳಗಿಂದ ಒಂದೇ ಬೆಂಚಿಗೆ ಅಂಟ್ಕೊಂಡು ಕೂತಿದಾರೆ. ಬಿಸ್ಕತ್ತು ಕೊಟ್ರೆ ತಿಂತಾರೆ, ಕರೆದ್ರೆ ಏಳಲ್ಲ. ಯಾರದೋ ದೊಡ್ಡ ಚೀಲ ತಬ್ಬಿಕೊಂಡಿದಾರೆ, ಆ ಮೇಷ್ಟ್ರದೇ ಇರ್ಬೇಕು.”

ಗುಮಾಸ್ತನೇ ಹೋಗಿ, ಮೇಷ್ಟ್ರ ಕರವಸ್ತ್ರ ತೋರಿಸಿ ಮಕ್ಕಳನ್ನು ಕರೆತಂದ. ಸಂದರ್ಶಕರ ಹೊತ್ತಲ್ಲ ಎಂದು ಕಾವಲುಗಾರ ಅಡ್ಡ ಬಂದ. ನರ್ಸ್ ಒಂದು ನೋಟ ಬೀರಿದ್ದಕ್ಕೆ ಬಾಗಿಲು ಬಿಟ್ಟ. ಮಕ್ಕಳು ಮಂಚಕ್ಕೆ ಮುತ್ತಿಕೊಂಡರು, ಎಲ್ಲರೂ ಒಟ್ಟಿಗೇ ಮಾತಾಡಿದರು. ಮೇಷ್ಟ್ರು ಒಂದೊಂದು ತಲೆ ಮುಟ್ಟಿ ಎಣಿಸಿದರು. ಹತ್ತೇ ಆಯಿತು. ಅವರ ಮುಖ ಬಿಳಿಚಿಕೊಂಡಿತು.

“ಇಲ್ಲೊಬ್ಬಳು ಇದಾಳೆ!” ಎಂದಳು ನರ್ಸ್. ಚೋಟುದ್ದದ ಹುಡುಗಿಯೊಬ್ಬಳು ಬಾಗಿಲ ಬಳಿಯ ಕೊಳಾಯಿಗೆ ಬಾಯಿ ಹಚ್ಚಿ ಗಟಗಟ ನೀರು ಕುಡಿಯುತ್ತಿದ್ದಳು.

ಮೇಷ್ಟ್ರು ದಿಂಬಿಗೊರಗಿ ಕಣ್ಣು ಮುಚ್ಚಿದರು. ಇಂಜೆಕ್ಷನ್ನಿಲ್ಲದೆಯೇ ಗಾಢ ನಿದ್ದೆ ಬಂತು.