ತುಂಬಿಯೇ ಮರಳುತ್ತಿದ್ದ ತತ್ರಾಣಿ

ನಾನು ಮಣ್ಣಿನ ತತ್ರಾಣಿ. ದುಂಡು ಹೊಟ್ಟೆ, ಸಣ್ಣ ಕುತ್ತಿಗೆ. ಯಾದಗಿರಿ ಕಡೆಯ ಕುಂಬಾರನೊಬ್ಬ ಕೆರೆಮಣ್ಣು ತುಳಿದು, ತಿಗರಿಯ ಮೇಲೆ ತಿರುಗಿಸಿ, ಸುಟ್ಟು ನನ್ನನ್ನು ಮಾಡಿದ. ಬೆಂಕಿಯಲ್ಲಿ ಬೆಂದು ಬಂದದ್ದಕ್ಕೋ ಏನೋ, ಬಿಸಿಲೆಂದರೆ ಮೊದಲಿನಿಂದಲೂ ನನಗೆ ಸಿಟ್ಟು. ಮೈಯೆಲ್ಲ ಬೆವರಿ ಒಳಗಿನ ನೀರನ್ನು ತಂಪಾಗಿಡುವುದೇ ನನ್ನ ಕೆಲಸ.

ಸಂತೆಯಲ್ಲಿ ನನ್ನನ್ನು ಕೊಂಡವನು ಕಲ್ಲು ಒಡೆಯುವ ಮರೆಪ್ಪ. ಒಂದು ಮಧ್ಯಾಹ್ನ ಅವನು ಕಲ್ಲುಗಳ ನಡುವೆಯೇ ಬಿದ್ದ. ಮೈ ಕೆಂಡವಾಗಿತ್ತು, ಬೆವರು ನಿಂತಿತ್ತು, ಏನೇನೋ ಬಡಬಡಿಸುತ್ತಿದ್ದ. ಜೊತೆಯವರು ಜ್ವರವೆಂದರು. ಜ್ವರದ ಮೈಗೆ ನೀರು ತಾಗಬಾರದೆಂದು, ಅವನ ಹೆಂಡತಿ ಸಾಬಮ್ಮ ಹೊಲಿದುಕೊಟ್ಟಿದ್ದ ಕೌದಿ ಹೊದಿಸಿ ಗಾಡಿಗೆ ಹಾಕಿದರು. ನಾನು ಪಕ್ಕದಲ್ಲೇ ತುಂಬಿ ಕೂತಿದ್ದೆ. ಕೌದಿ ತೆಗೆದು ನೀರು ಸುರಿದಿದ್ದರೆ ಜೀವ ಉಳಿಯಬಹುದಿತ್ತೆಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ ಮಾತು ಸಾಬಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಆಮೇಲೆ ನಾನೂ ಆ ಕೌದಿಯೂ ಸಾಬಮ್ಮನ ಜೊತೆ ರಸ್ತೆ ಕೆಲಸಕ್ಕೆ ಹೊರಟೆವು. ಸೊಸೆ ಮಾನಮ್ಮನೂ ಬಂದಳು. ಅಲ್ಲಿ ಶುರುವಾಯಿತು ನನ್ನ ತಳಮಳ. ಹೆಂಗಸರು ಬಾಯಿ ತೊಯ್ಯುವಷ್ಟು ಗುಟುಕರಿಸಿ ನನ್ನನ್ನು ಇಟ್ಟುಬಿಡುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ಹೊಟ್ಟೆಯಲ್ಲಿ ನೀರು ಕುಲುಕಿದರೆ ಸಾಕು, ಮರೆಪ್ಪ ನೆನಪಾಗಿ ಜೀವ ಚಡಪಡಿಸುತ್ತಿತ್ತು. ನೀರು ಕುಡಿಯುವುದಿಲ್ಲವೆಂದು ಅತ್ತೆ ಸೊಸೆಗೆ ಬೈದಳು.

"ಕುಡದ್ರ ಎಲ್ಲಿ ಹೋಗ್ಲಿ ಅತ್ತಿ? ಸುತ್ತ ಬಟಾಬಯಲು, ಗಂಡಸರು," ಎಂದಳು ಮಾನಮ್ಮ.

ಸಾಬಮ್ಮನೂ ಹಾಗೆಯೇ ದಿನ ದೂಡುತ್ತಿದ್ದಳಲ್ಲ.

ಒಂದು ದಿನ ಡಾಂಬರಿನ ಹೊಗೆಯ ನಡುವೆ ಮಾನಮ್ಮ ತಲೆನೋವೆಂದಳು. ಕೂರು ಎಂದರೆ ಕೇಳದೆ ಮತ್ತೆ ಜಲ್ಲಿಬುಟ್ಟಿ ಹೊತ್ತಳು. ಸ್ವಲ್ಪ ಹೊತ್ತಿಗೆ ಅತ್ತೆಯನ್ನೇ ನೀ ಯಾರೆಂದು ಕೇಳಿ ಕುಸಿದಳು. ಬೇವಿನ ನೆರಳಿಗೆ ಎತ್ತಿ ತಂದರು. ಮುಟ್ಟಿದವರು ಕೈ ಹಿಂದಕ್ಕೆಳೆದುಕೊಂಡರು, ಅಷ್ಟು ಬಿಸಿ. ಯಾರೋ ಅದೇ ಕೌದಿ ಹೊದಿಸಿದರು. ಇನ್ನೊಬ್ಬರು ಬಾಯಿಗೆ ನೀರು ಹಾಕಲು ನನ್ನನ್ನು ಎತ್ತಿದರು.

ಸಾಬಮ್ಮ ಕೌದಿ ಕಿತ್ತೆಸೆದಳು. ಎಚ್ಚರವಿಲ್ಲದವಳಿಗೆ ಕುಡಿಸಬೇಡಿ, ನೆತ್ತಿಗೇರುತ್ತದೆ ಎಂದು ನನ್ನನ್ನು ಕಸಿದು ಸೊಸೆಯ ಮೈಮೇಲೆ ಬಗ್ಗಿಸಿದಳು. ನನ್ನ ಹಾಳು ಕುತ್ತಿಗೆ! ಗುಳುಗುಳು ಎಂದು ಚೂರುಚೂರೇ ಬಿಡುತ್ತಿತ್ತು. ಸಾಬಮ್ಮ ಕಲ್ಲೆತ್ತಿದಳು. ಹೆಣದ ಮುಂದೆ ಮಾತ್ರ ನೀರಿನ ಮಡಕೆ ಒಡೆಯುವ ಜನ ಇವರು. ಜೊತೆಗಾತಿ ತಿಪ್ಪವ್ವ ಬೆಚ್ಚಿ ಅವಳ ಕೈ ಹಿಡಿದಳು.

"ಜೀವ ಇರೂಕಿ ಮುಂದ ಒಡೀತಿಯೇನ ಯಕ್ಕಾ?"

"ಸತ್ತ ಮ್ಯಾಗ ಒಡೆಯೂದನ್ನ ಈಗ ಒಡೀತೀನಿ. ಕೈ ಬಿಡು."

ಒಂದೇ ಏಟಿಗೆ ಕುತ್ತಿಗೆ ಹಾರಿತು. ನೀರೆಲ್ಲ ಮಾನಮ್ಮನ ತಲೆ, ಎದೆ, ಕಂಕುಳಿಗೆ ಸುರಿಯಿತು. ನೋವಾಗಲಿಲ್ಲ, ಸಂತೋಷವಾಯಿತು. ತಿಪ್ಪವ್ವನೇ ಓಡಿಹೋಗಿ ರಸ್ತೆಗೆ ನೀರು ಹಾಕುವ ಟ್ಯಾಂಕರಿನಿಂದ ಕೊಡಗಟ್ಟಲೆ ತಂದಳು. ಒದ್ದೆ ಸೆರಗಿನಿಂದ ಗಾಳಿ ಬೀಸುತ್ತಲೇ ಸೊಸೆಯನ್ನು ಆಸ್ಪತ್ರೆಗೆ ಒಯ್ದರು. ಮಾನಮ್ಮ ಉಳಿದಳು.

ಈಗ ನಾನು ಬೇವಿನ ಬುಡದಲ್ಲಿ ಗುಬ್ಬಿಗಳಿಗೆ ನೀರಿಡುವ ಅರ್ಧ ಮಡಕೆ. ಮರದ ಹಿಂದೆ ಸಾಬಮ್ಮ ಗೂಟ ನೆಟ್ಟು, ಆ ಕೌದಿಯನ್ನೇ ಹೆಂಗಸರಿಗೆ ಮರೆಯಾಗಿ ಕಟ್ಟಿದ್ದಾಳೆ. ಅವರೀಗ ಹೊಸ ತತ್ರಾಣಿಯಿಂದ ಹೊಟ್ಟೆತುಂಬ ಕುಡಿಯುತ್ತಾರೆ. ದಿನಾ ಸಂಜೆ ಅದು ಮಾನಮ್ಮನ ಕಂಕುಳಲ್ಲಿ ಬರಿದಾಗಿ ಮನೆಗೆ ಹೋಗುತ್ತದೆ. ನೋಡಿದರೆ ನನಗೆ ಹೊಟ್ಟೆಕಿಚ್ಚು.