ಐದನೇ ಸಲದ ಸೋರಿಕೆ

ಬಾಗಿಲು ಹಾಕಿ ಏಳು ನಿಮಿಷಕ್ಕೆ ನೌಕೆಯ ಕ್ಯಾಬಿನ್ನಿನ ಗಾಳಿಯ ಒತ್ತಡ ಕೂದಲೆಳೆಯಷ್ಟು ಕುಸಿದು, ಮತ್ತೆ ಸುಮ್ಮನಾಯಿತು. ನಿಯಂತ್ರಣ ಕೋಣೆಯಲ್ಲಿ ಡೆಲ್ಫಿನ್ ಆರ್ಚುಲೆಟಾ ಹಸಿಮೆಣಸಿನ ಬುರಿಟೊವನ್ನು ಅರ್ಧಕ್ಕೇ ಕೆಳಗಿಟ್ಟು ಪರದೆಯತ್ತ ಬಾಗಿದಳು.

ನ್ಯೂ ಮೆಕ್ಸಿಕೋದ ಮರಳುಗಾಡಿನಿಂದ ಟಿಕೆಟ್ ಹರಿದು ಜನರನ್ನು ಹನ್ನೊಂದು ನಿಮಿಷ ಆಕಾಶದಾಚೆ ಸುತ್ತಾಡಿಸಿ ತರುವ ಕಂಪನಿಯಲ್ಲಿ ಆ ಒತ್ತಡ ಕಾಯುವುದೇ ಅವಳ ಕೆಲಸ. ಕಳೆದ ನಾಲ್ಕು ಹಾರಾಟಗಳಲ್ಲೂ ಈ ಕುಸಿತ ಬಂದಿತ್ತು, ಆದರೆ ಮೇಲೆ ಹೋದಮೇಲೆ. ನೆಲದ ಮೇಲೇ ಬಂದದ್ದು ಇದೇ ಮೊದಲು.

ಮೊದಲ ಸಲ ಇಡೀ ಕೋಣೆ ಎದ್ದು ನಿಂತಿತ್ತು. ಎರಡನೇ ಸಲ ಒಂದು ಸಭೆ. ಮೂರನೇ ಸಲ ಒಂದು ಇಮೇಲ್. ನಾಲ್ಕನೇ ಸಲಕ್ಕೆ ಅದಕ್ಕೆ 'ಮನೆಯವರು' ಅಂತ ಹೆಸರು ಬಿತ್ತು. ಈ ಕಸುಬಿನಲ್ಲಿ ಹಾಗೇ. ಗುರುತಿಲ್ಲದ ದೋಷ ಬಂದರೆ ಹಾರಾಟ ನಿಲ್ಲಿಸುತ್ತಾರೆ. ನಾಲ್ಕು ಸಲ ಬಂದೂ ಯಾರನ್ನೂ ಕೊಲ್ಲದ ದೋಷಕ್ಕೆ ಮಣೆ ಹಾಕಿ ಕೂರಿಸುತ್ತಾರೆ.

"ವೆಂಡೆಲ್, ಬಾಗಿಲ ಸೀಲು ಸೋರ್ತಿದೆ. ನೆಲದಲ್ಲೇ."

ಹಾರಾಟದ ಮುಖ್ಯಸ್ಥ ವೆಂಡೆಲ್ ಪ್ರುಯಿಟ್ ಸಾವಿನ ಮನೆಗೆ ಬಂದ ಪಾದ್ರಿಯ ಹಾಗೆ, ಅಕ್ಷರ ಅಕ್ಷರಕ್ಕೂ ಜೇನು ಸವರಿ ಮಾತಾಡುವವನು. "ಎಷ್ಟು, ಡೆಲ್?"

"ಮಿತಿಯೊಳಗೇ ಇದೆ. ಆದ್ರೆ..."

"ಮಿತಿಯೊಳಗಿದ್ರೆ ಮನೆಯವರೇ ಅಲ್ವೇನಮ್ಮ."

"ಯಾಕೆ ಸೋರ್ತಿದೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ."

"ನಮ್ಮತ್ತೆ ಯಾಕೆ ಮುನಿಸಿಕೊಳ್ತಾರೆ ಅಂತ ನಂಗೂ ಗೊತ್ತಿಲ್ಲ. ಆದ್ರೂ ಪ್ರತಿ ಭಾನುವಾರ ಊಟಕ್ಕೆ ಬರ್ತಾರೆ."

ಹೆಡ್‌ಫೋನಿನಲ್ಲಿ ನಾಲ್ಕೈದು ಜನ ನಕ್ಕರು.

ಪರದೆಯ ಮೇಲೆ ನಾಲ್ವರು ಪ್ರಯಾಣಿಕರು ಬೆಲ್ಟು ಬಿಗಿದು ಕೂತಿದ್ದರು. ಮೈಮೇಲೆ ಕಂಪನಿಯ ನೀಲಿ ಅಂಗಿ, ಅಷ್ಟೆ. ಗಾಳಿ ಹೋದರೆ ಕಾಪಾಡುವಂಥದ್ದು ಏನೂ ಇಲ್ಲ. ಕಿಟಕಿ ಪಕ್ಕದವಳು ಒಫೀಲಿಯಾ ಟಫೋಯಾ, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ದಿನಸಿ ಅಂಗಡಿಯ ಲಾಟರಿಯಲ್ಲಿ ಈ ಸೀಟು ಗೆದ್ದವಳು. 'ಗೊತ್ತಿರುವ ಅಪಾಯಗಳನ್ನೆಲ್ಲ ತಿಳಿಸಿದ್ದಾರೆ, ಒಪ್ಪಿ ಹೋಗುತ್ತಿದ್ದೇನೆ' ಎಂಬ ಪತ್ರಕ್ಕೆ ನಾಲ್ವರೂ ಸಹಿ ಹಾಕಿದ್ದರು. ಸೋರಿಕೆ ಆ ಪತ್ರದಲ್ಲಿರಲಿಲ್ಲ. ಮನೆಯವರನ್ನು ಅಪಾಯ ಅಂತ ಯಾರು ಬರೆಯುತ್ತಾರೆ?

ಹಾರುವ ಮುಂಚೆ ವೆಂಡೆಲ್ ಒಂದೊಂದೇ ವಿಭಾಗದ ಒಪ್ಪಿಗೆ ಕೇಳುವ ಕೊನೆಯ ಕೂಗು ಶುರುವಾಯಿತು. ಒಬ್ಬರು ಬೇಡ ಅಂದರೂ ಹಾರಾಟ ನಿಲ್ಲುತ್ತದೆ.

"ಇಂಜಿನ್?"

"ಗೋ."

"ಪ್ಯಾರಾಚೂಟ್?"

"ಗೋ."

"ಕ್ಯಾಬಿನ್?"

ಡೆಲ್ಫಿನ್ ಒತ್ತಡದ ಮುಳ್ಳನ್ನು ಇನ್ನೊಮ್ಮೆ ನೋಡಿದಳು. ಒಂದೊಂದೇ ತಲೆ ಅವಳತ್ತ ತಿರುಗಿತು.

"ಕ್ಯಾಬಿನ್?" ಜೇನು ಸ್ವಲ್ಪ ಕಡಿಮೆಯಾಗಿತ್ತು.

"ಗೋ."

ಹಾರಿದ ನಾಲ್ಕನೇ ನಿಮಿಷಕ್ಕೆ ಒತ್ತಡ ಕುಸಿಯಿತು, ಕುಸಿಯುತ್ತಲೇ ಹೋಯಿತು. ಮೀಸಲು ಗಾಳಿಯ ಸಿಲಿಂಡರು ತಾನಾಗಿಯೇ ತೆರೆದುಕೊಂಡಿತು. ಹಿಂದೆಂದೂ ತೆರೆದುಕೊಂಡಿರಲಿಲ್ಲ. ಅದರ ಗಾಳಿ ಅರ್ಧಕ್ಕೆ ಬಂತು. ಕಾಲು ಭಾಗಕ್ಕೆ ಬಂತು. ಪರದೆಯಲ್ಲಿ ಒಫೀಲಿಯಾ ಬೆಲ್ಟು ಬಿಚ್ಚಿ ತಲೆಕೆಳಗಾಗಿ ತೇಲುತ್ತ, ಬಾಯಿತುಂಬ ನಗುತ್ತಿದ್ದಳು. ಡೆಲ್ಫಿನ್ ಅವಳ ಒಂದೊಂದು ಉಸಿರನ್ನೂ ಎಣಿಸಿದಳು. ನೌಕೆ ದಟ್ಟ ಗಾಳಿಗೆ ಇಳಿದಮೇಲಷ್ಟೇ ಮುಳ್ಳು ನಿಂತಿತು. ಪ್ಯಾರಾಚೂಟುಗಳು ಬಿಚ್ಚಿಕೊಂಡವು. ಕೋಣೆಯಲ್ಲಿ ಚಪ್ಪಾಳೆ.

ವೆಂಡೆಲ್ ಅವಳ ಹೆಗಲ ಮೇಲೆ ಕೈಯಿಟ್ಟ. "ಐದಾಯ್ತು ನೋಡು. ಆ ಮಿತೀನ ಇನ್ನೊಂಚೂರು ಸಡಿಲ ಮಾಡ್ಬಿಡು. ಗುರುವಾರದ ಹಾರಾಟಕ್ಕೆ ಅಡ್ಡ ಬರಬಾರ್ದು."

 ಅವಳು ಒತ್ತಡದ ನಕ್ಷೆಯನ್ನು ಪ್ರಿಂಟ್ ತೆಗೆದು, ನೌಕೆ ಇಳಿದಿದ್ದ ಮರಳಿಗೆ ಹೋದಳು.

"ಬಾ ಮಗಳೇ," ಅಂದಳು ಒಫೀಲಿಯಾ. "ಮೂವತ್ತು ವರ್ಷ ಬಸ್ ಓಡ್ಸಿದೀನಿ, ಇಷ್ಟು ಮೆತ್ತಗೆ ನಾನೂ ಯಾವತ್ತೂ ನಿಲ್ಸಿಲ್ಲ."

"ಸೆನ್ಯೋರಾ, ಈ ಗೆರೆ ನಿಮ್ಮ ಕ್ಯಾಬಿನ್ನಿನ ಗಾಳಿ. ಇಲ್ಲಿಂದ ಸೋರೋಕೆ ಶುರುವಾಯ್ತು. ಇಳಿಯೋ ಹೊತ್ತಿಗೆ ಮೀಸಲು ಗಾಳಿ ಇನ್ನು ತೊಂಬತ್ತು ಸೆಕೆಂಡಿನಷ್ಟೇ ಉಳಿದಿತ್ತು."

ಒಫೀಲಿಯಾ ಕನ್ನಡಕ ಹಾಕಿಕೊಂಡು ಆ ಗೆರೆಯನ್ನು ನೋಡಿದಳು. "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಸೋರುತ್ತೆ ಅಂತ ಗೊತ್ತಿತ್ತು."

"ಆದ್ರೂ ಗೋ ಅಂದ್ಯಾ?"

"ಅಂದೆ."

"ಒಂದು ಟೈರು ಅಲ್ಲಾಡಿದ್ರೂ ನಾನು ಮಕ್ಕಳನ್ನ ಹತ್ತಿಸ್ತಿರ್ಲಿಲ್ಲ ಕಣೇ." ಅಷ್ಟು ಹೇಳಿ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟಳು.

ಕಂಪನಿಯ ಕಟ್ಟಡದ ಗಾಜಿನ ಗೋಡೆಯ ಒಳಗೆ, ಗುರುವಾರ ಹಾರಲಿದ್ದ ನಾಲ್ವರು ನೀಲಿ ಅಂಗಿಯ ಅಳತೆ ಕೊಡುತ್ತ ಒಬ್ಬರನ್ನೊಬ್ಬರು ಫೋಟೊ ತೆಗೆಯುತ್ತಿದ್ದರು. ಅವರ ನಡುವೆ ನಿಂತಿದ್ದ ವೆಂಡೆಲ್‌ನ ಕಣ್ಣು ಡೆಲ್ಫಿನ್‌ಳ ಕೈಯಲ್ಲಿದ್ದ ಕಾಗದದ ಮೇಲಿತ್ತು. ಅವನು ನಿಧಾನಕ್ಕೆ ತಲೆಯಾಡಿಸಿದ: ಬೇಡ.

 ಡೆಲ್ಫಿನ್ ಬಾಗಿಲು ತಳ್ಳಿ, ಅವನನ್ನು ದಾಟಿ, ಆ ನಾಲ್ವರ ಹತ್ತಿರ ಹೋಗಿ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟಳು.